ಉಪವಾಸದ ಡಬ್ಬಿ

ದೇರೆಬೈಲಿನ ಮೋಹನದಾಸ ಶೆಟ್ಟರು ಬೆಳಿಗ್ಗೆ ಮುಖ ತೊಳೆದು ಬಂದವರೇ ಚಾವಡಿಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಐದು ನಿಮಿಷ ಕೂರುತ್ತಾರೆ. ಎದುರಿಗೆ ದೈವದ ಕೋಣೆಯ ಬಾಗಿಲು. ನೋಡಿದವರು ಜಪವೆಂದು ತಿಳಿದು ಸಪ್ಪಳ ಮಾಡದೆ ದಾಟಿಹೋಗುತ್ತಾರೆ. ಅದು ಜಪವಲ್ಲ, ಶಬ್ದಗಳ ಹಾಜರಿ. ಬಾವಿಯ ಪಂಪಿನ ಗುಂಯ್ ಬಂತೇ, ಅಡುಗೆಮನೆಯ ಒಗ್ಗರಣೆ ಚಟಪಟ ಬಂತೇ, ಕೆಳಗಿನ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರನ ಸೀಟಿ ಬಂತೇ, ಎಲ್ಲಕ್ಕಿಂತ ಕೊನೆಗೆ, ಹೆಂಡತಿ ಗುಣವತಿ ಅಮ್ಮ ತುಳಸಿಗೆ ನೀರು ಹಾಕುವಾಗ ಬಳೆ ತಂಬಿಗೆಗೆ ತಾಗಿದ ಕಿಣ್ ಬಂತೇ. ಎಲ್ಲವೂ ಬಂದ ಮೇಲೆಯೇ ಅವರ ದಿನ ಶುರು. ಮೂವತ್ತು ವರ್ಷದ ಅಭ್ಯಾಸ. ಕಿವಿಯಿಂದ ಉಣ್ಣುವವನು ಕಿವಿಯನ್ನು ದಿನಾ ಒಮ್ಮೆ ವಿಚಾರಿಸಿಕೊಳ್ಳಬೇಕು ಎಂಬುದು ಅವರ ಲೆಕ್ಕ.

ಆದರೆ ಕಳೆದ ಮಳೆಗಾಲದ ಹೊತ್ತಿಗೆ ಆ ಐದು ನಿಮಿಷದೊಳಗೆ ಒಂದು ಅಂಜಿಕೆ ಬಂದು ಕುಳಿತಿತು. ಬಳೆಯ ಕಿಣ್ ಕೇಳಿದರೂ, ಪೂರ್ತಿ ಕೇಳಿತೇ, ಅರ್ಧ ಕೇಳಿತೇ ಎಂದು ಅವರು ಕಣ್ಣು ತೆರೆಯದೆ ಇನ್ನೂ ಐದು ನಿಮಿಷ ಕೂರತೊಡಗಿದರು.

ಶೆಟ್ಟರದು ಹೊಲಗದ್ದೆ ಇದ್ದ ಮನೆತನ. ಗದ್ದೆ ಹೋಗಿ ಹೋಟೆಲು ಬಂದ ಕಾಲದಲ್ಲಿ ಇವರನ್ನು ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರಿಸಿದ್ದರು. ಕೂತದ್ದು ಗಲ್ಲಾದಲ್ಲಿ, ಕಿವಿ ಇದ್ದದ್ದು ಮೂಲೆಯ ಹಳೆಯ ರೇಡಿಯೋದಲ್ಲಿ. ಅದು ಕೆಟ್ಟಾಗ ಬಿಚ್ಚಿದರು, ಜೋಡಿಸಿದರು, ಮತ್ತೆ ಕೆಡಿಸಿದರು, ಕೊನೆಗೆ ಸರಿಮಾಡಿದರು. "ಬಂಟರ ಹುಡುಗನ ಕೈಯಲ್ಲಿ ಬೆಸುಗೆ ಕಡ್ಡಿ!" ಎಂದು ನೆಂಟರು ನಕ್ಕರು. ಗುರುವಿಲ್ಲ, ಪಾಠವಿಲ್ಲ. ಮದುವೆ ಮನೆಗಳಿಗೆ ಮೈಕ್ ಹಾಕಿ, ಕ್ಯಾಸೆಟ್ಟಿನ ಕಾಲದಲ್ಲಿ ಭಜನೆ ಮುದ್ರಿಸಿ, ಕಂಪ್ಯೂಟರ್ ಬಂದ ಮೇಲೆ ನಲವತ್ತರ ಪ್ರಾಯದಲ್ಲಿ ಅದನ್ನೂ ಕಲಿತು, ತನ್ನ ಪಾಲಿಗೆ ಬಂದ ಹಳೆಯ ಮನೆಯಲ್ಲೇ ಧ್ವನಿಮುದ್ರಣದ ಕೆಲಸ ಹೂಡಿದರು. ಹಾಡುವವರಿಗೆ, ಹೊರಗಿನ ಸದ್ದು ನುಗ್ಗದಂತೆ ಗೋಡೆಗೆ ಚಾಪೆ, ರಜಾಯಿ ಹೊದಿಸಿದ ಪಕ್ಕದ ಕೋಣೆ. ಕೇಳಿ ತಿದ್ದುವ ಕೆಲಸ ಚಾವಡಿಯಲ್ಲಿ. ದೈವದ ಬಾಗಿಲಿನ ಆಚೆ ಒಂದು, ಈಚೆ ಒಂದು ಮಾನಿಟರ್ ಸ್ಪೀಕರ್. "ದೈವ ಕೇಳ್ತಾ ಉಂಟು ಎಂಬ ಹೆದರಿಕೆ ಇದ್ದರೆ ಕಳ್ಳಕೆಲಸ ಆಗುದಿಲ್ಲ" ಎಂದು ಅವರು ಹೇಳುವುದುಂಟು.

ಇಂಥ ಜಾಗದಲ್ಲಿ ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ, ಸದ್ದನ್ನು ಏರಿಸಿ ಇಳಿಸಲು, ಕೈಗೆ ಸಿಗುವ ಒಂದು ತಿರುಗಣೆ ಬೇಕಾಗುತ್ತದೆ. ಅದರಲ್ಲಿ ಎರಡು ಜಾತಿ. ಒಂದಕ್ಕೆ ಕರೆಂಟು ಬೇಡ. ಒಳಗೆ ಬರುವ ಸದ್ದನ್ನು ತಡೆದು ಕಡಿಮೆ ಮಾಡುವುದಷ್ಟೇ ಅದರ ಕೆಲಸ, ಪ್ಯಾಸಿವ್ ಎನ್ನುತ್ತಾರೆ. ಇನ್ನೊಂದಕ್ಕೆ ಕರೆಂಟು ಬೇಕು. ಅದು ಸದ್ದನ್ನು ಕೈಗೆತ್ತಿಕೊಂಡು, ಬಲ ಕೊಟ್ಟು, ಮುಂದೆ ಕಳುಹಿಸುತ್ತದೆ, ಅದು ಆ್ಯಕ್ಟಿವ್. ಶೆಟ್ಟರು ಮೊದಲ ಜಾತಿಯ ಪರಮಭಕ್ತರು. ತಮ್ಮ ಡಬ್ಬಿಯನ್ನು ತಾವೇ ಕಟ್ಟಿದ್ದರು, ಹಲಸಿನ ಹಲಗೆಯ ಪೆಟ್ಟಿಗೆಯಲ್ಲಿ, ಹಿತ್ತಾಳೆಯ ಗುಂಡಿ ಇಟ್ಟು. ಕೇಳಿದವರಿಗೂ ಒಂದೊಂದು ಮಾಡಿಕೊಟ್ಟಿದ್ದರು.

ಉಳ್ಳಾಲದಲ್ಲಿ ಇದೇ ಕೆಲಸ ಮಾಡುವ ವಾಲ್ಟರ್ ಅವರ ಹಳೆಯ ಗೆಳೆಯ, ಹಳೆಯ ಎದುರಾಳಿ. ಅವನದು ಮೊದಲಿನಿಂದಲೂ ಆ್ಯಕ್ಟಿವ್. ಇಬ್ಬರೂ ಸಿಕ್ಕಿದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಇದೇ ಜಗಳ.

"ಕರೆಂಟ್ ಕುಡಿದ ಡಬ್ಬಿ ಬಾಯಿ ಮುಚ್ಚಿ ಕೂರ್ತದಾ ವಾಲ್ಟರಾ? ಏನಾದರೂ ಒಂದು ತನ್ನದು ಸೇರಿಸಿಯೇ ಸೇರಿಸ್ತದೆ. ಸುಂಯ್ ಅಂತಾದರೂ ಹೇಳ್ತದೆ" ಎಂದು ಶೆಟ್ಟರು.

"ನಿನ್ನ ಡಬ್ಬಿಗೆ ದಿನಾ ಏಕಾದಶಿ ಮಾರಾಯ. ನನ್ನದು ಊಟ ಮಾಡ್ತದೆ, ಕೆಲಸ ಮಾಡ್ತದೆ" ಎಂದು ವಾಲ್ಟರ್.

ಉಪವಾಸದ ಡಬ್ಬಿ ಎಂಬ ಹೆಸರು ಹಾಗೆ ಬಂದದ್ದು. ಶೆಟ್ಟರಿಗೆ ಅದು ಬೈಗುಳದ ಹಾಗೆ ಕೇಳಿಸಲೇ ಇಲ್ಲ. ಬಂದದ್ದಕ್ಕೆ ತನ್ನದೊಂದು ಸೇರಿಸದೆ ದಾಟಿಸುವುದು ಒಳ್ಳೆಯ ಗುಣವೇ ಅಲ್ಲವೇ?

ತೊಂದರೆ ಶುರುವಾದದ್ದು ಹೇಗೆಂದರೆ, ಮೊದಲು ಒಬ್ಬ ಗಿರಾಕಿ ಫೋನು ಮಾಡಿ, "ಹಾಡು ಲಾಯ್ಕ ಆಗಿದೆ, ಆದರೆ ಮೊಬೈಲಿನಲ್ಲಿ ಸ್ವಲ್ಪ ಕಿರ್ ಅಂತದೆ" ಎಂದ. ಮೊಬೈಲಿನ ದೋಷ ಇರಬೇಕೆಂದರು ಶೆಟ್ಟರು. ಆಮೇಲೆ ಚರ್ಚಿನಲ್ಲಿ ಹಾಡುವ ಪೌಲ್, ಮಗಳ ಮದುವೆಗೆ ಮಾಡಿಸಿದ ಹಾಡು ಕಾರಿನಲ್ಲಿ ಕೇಳಿದರೆ ಹಲ್ಲು ಜುಂ ಎನ್ನುತ್ತದೆ ಎಂದ. ಕಾರಿನದಿರಬೇಕು. ಮೂರನೆಯವರು ಏನೂ ಹೇಳಲಿಲ್ಲ, ಮುಂದಿನ ಕೆಲಸಕ್ಕೆ ಬರಲೂ ಇಲ್ಲ. ಶೆಟ್ಟರು ಚಾವಡಿಯಲ್ಲಿ ಕುಳಿತು ಅವೇ ಹಾಡುಗಳನ್ನು ಮತ್ತೆ ಮತ್ತೆ ಕೇಳಿದರು. ಹದವಾಗಿಯೇ ಇದ್ದವು. ಅವರ ಕಿವಿಗೆ ಹದ, ಲೋಕದ ಕಿವಿಗೆ ಮುಳ್ಳು. ಹಾಗಾದರೆ ತಪ್ಪು ಯಾರ ಕಿವಿಯದು?

ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳೆ ಎಂಬ ಗಾದೆ ಇದೆ. ಶೆಟ್ಟರ ಸ್ವಭಾವ ಅದಕ್ಕೆ ತಿರುಗಾ ಮುರುಗಾ. ನೆಲ ನಿಜವಾಗಿ ಡೊಂಕಿದ್ದರೂ ತನ್ನ ಕಾಲನ್ನೇ ಬೈದುಕೊಳ್ಳುವ ಜನ ಅವರು.

ಆ ಹೊತ್ತಿಗೆ ಬಂದವರು ನೀರಜಾಕ್ಷಿ ಅಮ್ಮ. ಅರ್ಚಕರ ಮನೆಯವರು, ಎಪ್ಪತ್ತನಾಲ್ಕರ ಪ್ರಾಯ. ಅವರ ಅಜ್ಜಿ ಸಂಜೆಯ ದೀಪದ ಮುಂದೆ ಹೇಳುತ್ತಿದ್ದ ಹನ್ನೊಂದು ಹಾಡು ಈಗ ಇವರ ಬಾಯಲ್ಲಿ ಮಾತ್ರ ಉಳಿದಿದ್ದವು. ಟೀಚರ್ ಆಗಿರುವ ಮಗಳು ಭಾರ್ಗವಿ, ಅವನ್ನು ಮುದ್ರಿಸಿಡಬೇಕೆಂದು ತಾಯಿಯನ್ನು ಕರೆತಂದಿದ್ದಳು. ನೀರಜಾಕ್ಷಿ ಅಮ್ಮ ಕೈಯಲ್ಲಿ ಸಣ್ಣ ತಾಳ ಹಿಡಿದು, ಮೈಕಿನ ಮುಂದೆ ಕೂತು, ದೇವರ ಎದುರು ಕೂತ ಹಾಗೆಯೇ ಹಾಡಿದರು. ಶೆಟ್ಟರಿಗೆ ಆ ಸ್ವರ ಹಳೆಯ ಕಂಚಿನ ಪಾತ್ರೆಯ ಹಾಗೆ ಕಂಡಿತು, ಹೊಳಪು ಕಡಿಮೆ, ನಾದ ಜಾಸ್ತಿ.

ತಿದ್ದಿ ಕಳುಹಿಸಿದರು. ಚುಚ್ಚುತ್ತದೆ ಎಂದು ಭಾರ್ಗವಿ ವಾಪಸು ತಂದಳು. ಮತ್ತೆ ತಿದ್ದಿದರು. ಮತ್ತೆ ಬಂದಳು. ಮೂರನೆಯ ಸಲ ಅವಳೊಬ್ಬಳೇ ಬಂದು, ಜಗಲಿಯಲ್ಲೇ ನಿಂತು ಹೇಳಿದಳು: "ಅಂಕಲ್, ಬೇಜಾರು ಮಾಡ್ಬೇಡಿ. ಅಮ್ಮ ಅರ್ಧ ಹಾಡು ಕೇಳಿ ಇಯರ್‌ಫೋನ್ ತೆಗೆದಿಟ್ರು. 'ನನ್ನ ಸ್ವರ ಇಷ್ಟು ಒರಟಾಯ್ತಾ? ಇನ್ನು ದೀಪದ ಎದುರೂ ನಾನು ಹಾಡುದಿಲ್ಲ' ಅಂತ ಕೂತಿದ್ದಾರೆ."

"ಸ್ವರದ್ದಲ್ಲ ಮಗಾ, ಅದು ನನ್ನದು" ಎಂದರು ಶೆಟ್ಟರು. "ಅಮ್ಮನಿಗೆ ಹೇಳು. ಒಂದು ವಾರ ಕೊಡು."

ಮರುದಿನವೇ ಕಿವಿ ಪರೀಕ್ಷೆಗೆ ಹೋದರು. ನಜ್ಲಾ ಎಂಬ ಹುಡುಗಿ ಅವರನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಕೈಗೆ ಗುಂಡಿ ಕೊಟ್ಟಳು.

"ಸಣ್ಣ ಸದ್ದು ಬಂದ ಕೂಡಲೇ ಒತ್ತಿ ಅಂಕಲ್. ಊಹೆ ಮಾಡಿ ಒತ್ಬೇಡಿ."

"ಎಷ್ಟು ಮಾರ್ಕು ಬಂದರೆ ಪಾಸು?"

"ಇಲ್ಲಿ ಕಾಪಿ ಹೊಡಿಲಿಕ್ಕೆ ಆಗುದಿಲ್ಲ, ಅಷ್ಟು ಗೊತ್ತುಂಟು" ಎಂದು ನಕ್ಕಳು. ಆಮೇಲೆ ಕಾಗದ ತೋರಿಸಿದಳು. ಗೆರೆ ನೇರ ಬಂದು, ಕೊನೆಯ ಕಡೆಗೆ, ತೀರಾ ಮೇಲಿನ ಸ್ವರಗಳಲ್ಲಿ, ಇಳಿಜಾರಾಗಿತ್ತು. "ಐವತ್ತೆಂಟಕ್ಕೆ ಇದು ಒಳ್ಳೆಯ ಕಿವಿ. ಹೆದರುವಂಥದ್ದು ಎಂತ ಇಲ್ಲ."

"ನನ್ನ ಕೆಲಸಕ್ಕೆ ಸಾಕಾ?"

ನಜ್ಲಾ ಸುಳ್ಳು ಸಮಾಧಾನ ಹೇಳುವ ಹುಡುಗಿಯಲ್ಲ. "ಅದನ್ನು ಈ ಮೆಷಿನ್ ಹೇಳುದಿಲ್ಲ ಅಂಕಲ್. ನೀವೇ ಹೇಳ್ಬೇಕು."

ಶೆಟ್ಟರು ಆ ಇಳಿಜಾರನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಬಂದರು. ಮನೆಗೆ ಬಂದು ಗುಣವತಿಗೆ ಹೇಳಿದರು, "ಈ ಸಂಕ್ರಮಣಕ್ಕೆ ದೈವಕ್ಕೆ ದೀಪ ಇಟ್ಟು, ಕೈಮುಗಿದು, ಈ ಮೈಕು, ಸ್ಪೀಕರು ಎಲ್ಲ ತೆಗೆಯುವ. ಆ ಅಮ್ಮನ ಹಾಡು ವಾಲ್ಟರ್ ತಿದ್ದಿ ಕೊಡಲಿ. ಕಿವಿ ಹೋದವನು ಇನ್ನೊಬ್ಬರ ಸ್ವರಕ್ಕೆ ಕೈ ಹಾಕಬಾರದು."

ಗುಣವತಿ ಅಮ್ಮ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ನಿಮಗೆ ಕಿವಿ ಹೋದ್ದು ನನಗೆ ಗೊತ್ತೇ ಆಗ್ಲಿಲ್ಲ. ನಿನ್ನೆ ತಾನೇ, ಹಿತ್ತಲಲ್ಲಿ ನಾನು ನಿಮ್ಮ ಅಕ್ಕನ ಬಗ್ಗೆ ಫೋನಿನಲ್ಲಿ ಮಾತಾಡಿದ್ದನ್ನು ಇಲ್ಲಿ ಕೂತು ಕೇಳಿ ಜಗಳ ಮಾಡಿದ್ದು ಯಾರು?"

ಶೆಟ್ಟರಿಗೆ ನಗು ಬಂತು, ಭಾರ ಇಳಿಯಲಿಲ್ಲ. ವಾಲ್ಟರಿಗೆ ಫೋನು ಮಾಡಿದರು. ಅವನು ಬಾಯಿ ತುಂಬ ತಮಾಷೆ ಮಾಡುವವನು, ಆದರೆ ವಿಷಯ ಕೇಳಿ, "ಬರ್ತೇನೆ" ಎಂದಷ್ಟೇ ಹೇಳಿದ.

ಸಂಕ್ರಮಣದ ಬೆಳಿಗ್ಗೆ ಗುಣವತಿ ಅಮ್ಮ ಚಾವಡಿ ಗುಡಿಸಿ, ಒರಸಿ, ಗಂಡನ ಮೇಜಿನ ಧೂಳನ್ನೂ ಒದ್ದೆ ಬಟ್ಟೆಯಿಂದ ಒರಸಿಹಾಕಿದರು. ಆ ಮೇಜಿಗೆ ಯಾರೂ ಕೈ ಹಚ್ಚಬಾರದೆಂದು ಕಟ್ಟಪ್ಪಣೆ ಇತ್ತು. ಹೇಗೂ ತೆಗೆಯುವುದೇ ಆದ ಮೇಲೆ ಅಪ್ಪಣೆ ಎಂಥದು ಎಂದು ಅವರಿಗನಿಸಿರಬೇಕು.

ಸ್ನಾನ ಮುಗಿಸಿ ಬಂದ ಶೆಟ್ಟರು ವಾಲ್ಟರಿಗೆ ಕೊಡಲು ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಲು ಕೂತರು. ಕೊನೆಯ ಸಲ ಎಂದುಕೊಂಡು ಮೊದಲ ಹಾಡಿನ ಆರಂಭ ಹಚ್ಚಿದರು. ಅಲ್ಲಿ ತಂಬೂರಿ ಮತ್ತು ತಾಳ ಮಾತ್ರ, ತುಂಬ ಮೆಲ್ಲಗೆ. ಬರೀ ಪಿಸುಮಾತಿನಷ್ಟು ಇರುವಂತೆ ಕಂಪ್ಯೂಟರಿನಲ್ಲೇ ಅವರು ಅದನ್ನು ಇಳಿಸಿಟ್ಟಿದ್ದರು.

ತಾಳ ಕಿಣ್ ಎಂದಿತು.

ಶೆಟ್ಟರ ಕೈ ಅಲ್ಲೇ ನಿಂತಿತು. ಆ ಕಿಣ್‌ಗೆ ಬಾಲವಿತ್ತು. ಹೊಡೆದ ಮೇಲೆ ಗಾಳಿಯಲ್ಲಿ ಎಳೆಯಾಗಿ ತೇಲಿ ಕರಗುವ ಬಾಲ. ಒಂದೂವರೆ ವರ್ಷದಿಂದ ಆ ಚಾವಡಿಯಲ್ಲಿ ಯಾವ ತಾಳಕ್ಕೂ ಅವರು ಬಾಲ ಕಂಡಿರಲಿಲ್ಲ. ಆ ಬಾಲಕ್ಕಾಗಿ ಒದ್ದಾಡಿಯೇ ಅವರು ಪ್ರತಿ ಹಾಡಿನ ಮೇಲಿನ ಸ್ವರಗಳನ್ನು ಎತ್ತಿ ಎತ್ತಿ ಕೊಟ್ಟಿದ್ದು.

ಡಬ್ಬಿ ನೋಡಿದರೆ ಹಿತ್ತಾಳೆಯ ಗುಂಡಿ ಪೂರ್ತಿ ಬಲಕ್ಕೆ ತಿರುಗಿ ನಿಂತಿದೆ.

"ಗುಣವತೀ! ನೀನು ಎಂತ ಮುಟ್ಟಿದ್ದು?"

"ಧೂಳು ಒರಸಿದ್ದು! ಎಂತ, ಸಿಡಿಲು ಬಡಿಯಿತಾ?"

"ಬಾ ಇಲ್ಲಿ. ಗೋಡೆಗೆ ಮುಖ ಮಾಡಿ ಕೂತ್ಕೋ."

"ಒಲೆ ಮೇಲೆ ಪಾಯಸ ಉಂಟು."

"ಪಾಯಸ ಇಳಿಸಿ ಬಾ ಮಾರಾಯ್ತಿ."

ಗುಣವತಿ ಅಮ್ಮ ಸೆರಗಿಗೆ ಕೈ ಒರಸಿಕೊಂಡು ಬಂದು ಗೋಡೆಗೆ ಮುಖ ಮಾಡಿ ಕೂತರು. ಶೆಟ್ಟರು ಗುಂಡಿಯನ್ನು ಅರ್ಧಕ್ಕೆ ಇಳಿಸಿದರು, ಅಷ್ಟೇ ಸದ್ದು ಬರುವ ಹಾಗೆ ಕಂಪ್ಯೂಟರಿನಲ್ಲಿ ಏರಿಸಿದರು. ಮತ್ತೆ ಗುಂಡಿ ಪೂರ್ತಿ, ಕಂಪ್ಯೂಟರಿನಲ್ಲಿ ಕಡಿಮೆ. ಅದೇ ತಾಳ, ಅಷ್ಟೇ ಸದ್ದು. ಯಾವುದು ಯಾವುದೆಂದು ಹೇಳದೆ ಏಳೆಂಟು ಸಲ ಅದಲು ಬದಲು ಮಾಡಿದರು.

"ಈಗ ತಾಳದ ಮೇಲೆ ಕಂಬಳಿ ಹಾಕಿದ ಹಾಗೆ" ಎಂದರು ಗುಣವತಿ ಅಮ್ಮ. "ಈಗ ತೆಗೆದ ಹಾಗೆ. ಈಗ ಮತ್ತೆ ಕಂಬಳಿ. ಸಾಕಾ, ಪಾಯಸ ತಳ ಹಿಡಿತದೆ."

ಒಂದು ಸಲವೂ ತಪ್ಪಲಿಲ್ಲ. ಶೆಟ್ಟರ ಕಿವಿಯೂ ಪ್ರತಿ ಸಲ ಅದನ್ನೇ ಹೇಳಿತ್ತು.

ಹಾಗಾದರೆ ಕಂಬಳಿ ಇದ್ದದ್ದು ಕಿವಿಯ ಮೇಲಲ್ಲ. ಅವರು ಡಬ್ಬಿ ಮಗುಚಿ ತಿರುಪು ಬಿಚ್ಚಿದರು. ಒಳಗಿನ ಬೆಸುಗೆ ಎಲ್ಲ ಕಟ್ಟಿದ ದಿನದಷ್ಟೇ ಚೊಕ್ಕ. ಮುಚ್ಚಳದ ಒಳಗೆ ಅಂಟಿಸಿದ ಒಂದು ಚೀಟಿ ಇತ್ತು. ತಾವು ಮಾಡಿಕೊಟ್ಟ ಪ್ರತಿ ಡಬ್ಬಿಯಲ್ಲೂ ಅಂಟಿಸುತ್ತಿದ್ದ ಚೀಟಿ, ಸ್ವಂತ ಅಕ್ಷರ: "ಇಲ್ಲಿಂದ ಸ್ಪೀಕರಿಗೆ ತಂತಿ ಎರಡು ಮೀಟರ್ ಮೀರಬಾರದು. ಮೀರಿದರೆ ಮೇಲಿನ ಸ್ವರ ದಾರಿಯಲ್ಲೇ ಉಳಿಯುತ್ತದೆ."

ಶೆಟ್ಟರು ಎದ್ದು, ಆಚೆಯ ಸ್ಪೀಕರಿನ ತಂತಿ ಹಿಡಿದು ನಡೆದರು. ತಂತಿ ಗೋಡೆಯಗುಂಟ ಹೋಗಿ, ಕಿಟಕಿಯಿಂದ ಹೊರಗಿಳಿದು, ದೈವದ ಕೋಣೆಯ ಹಿಂಬದಿ, ಅಡುಗೆಮನೆಯ ಹಿಂಬದಿ, ಬಾವಿಕಟ್ಟೆ ಬಳಸಿ, ಇನ್ನೊಂದು ಕಿಟಕಿಯಿಂದ ಒಳಗೆ ಬಂದಿತ್ತು. ನಲವತ್ತು ಹೆಜ್ಜೆ.

ಮೊದಲು ಆ ತಂತಿ ದೈವದ ಬಾಗಿಲಿನ ದಾರಂದದ ಮೇಲಿಂದ ನೇರ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ದೈವಕ್ಕೆ ತಂಬಿಲದ ಸೇವೆ ನಡೆದ ದಿನ, ಮನೆಯ ಹಿರಿಯರೊಬ್ಬರು ಅದನ್ನು ನೋಡಿ, "ದೈವ ಹೊರಡುವ ಬಾಗಿಲಿಗೆ ಅಡ್ಡ ತಂತಿಯಾ ದಾಸಾ?" ಎಂದಿದ್ದರು. ಬಾಗಿಲ ಮುಂದೆ ನೆಲದಲ್ಲಿ ಎಳೆದರೆ ದೀಪ ಹಿಡಿದವರು ದಾಟಬೇಕು, ಅದೂ ಆಗದು. ಆರು ತಿಂಗಳೊಳಗೆ ಶೆಟ್ಟರು ಹೊಸ ತಂತಿ ತಂದು, ಅದನ್ನು ದೈವಕ್ಕೆ ಸುತ್ತು ಬರಿಸಿ ಹಾಕಿದರು. ಎಡಗಿವಿಗೊಂದು ಬಲಗಿವಿಗೊಂದು ನ್ಯಾಯ ಆಗಬಾರದೆಂದು ಈಚೆಯ ಸ್ಪೀಕರಿಗೂ ಅಷ್ಟೇ ಉದ್ದ ಕತ್ತರಿಸಿ, ಉಳಿದದ್ದನ್ನು ಸಿಂಬೆ ಸುತ್ತಿ ಮೂಲೆಗಿಟ್ಟರು. ಹಾಗಾಗಿ ಎರಡೂ ಸ್ಪೀಕರು ಒಂದೇ ಹದದಲ್ಲಿ ಮಂಕಾದವು. ಒಂದು ಇನ್ನೊಂದನ್ನು ಹಿಡಿದುಕೊಡಲಿಲ್ಲ. ಊರಿಗೆಲ್ಲ ಎರಡು ಮೀಟರಿನ ಚೀಟಿ ಅಂಟಿಸಿದವರು ಈ ತಂತಿಯನ್ನು ಮಾತ್ರ ಅಳೆಯಲಿಲ್ಲ. ದೈವಕ್ಕಾಗಿ ಮಾಡಿದ್ದಕ್ಕೆ ಅಳತೆಗೋಲು ಹಿಡಿಯಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಬಾವಿಕಟ್ಟೆಯ ಮೇಲೆ ಕೂತು ಶೆಟ್ಟರು ಒಬ್ಬರೇ ನಕ್ಕರು. ನಗುತ್ತಾ ಕಣ್ಣು ಒರಸಿಕೊಂಡರು.

ವಾಲ್ಟರ್ ಬಂದಾಗ ಎಲೆ ಹಾಕಿತ್ತು. ಪಾಯಸ ಉಣ್ಣುತ್ತಾ ಕಥೆಯೆಲ್ಲ ಕೇಳಿದ. "ತಂತಿಗೆ ಬಾಯಾರಿಕೆ ಉಂಟು ದಾಸಣ್ಣ. ಉದ್ದ ಆದಷ್ಟೂ ಜಾಸ್ತಿ. ಅದು ಮೊದಲು ಕುಡಿಯುದೇ ಮೇಲಿನ ಸ್ವರ. ತಳ್ಳಲಿಕ್ಕೆ ನಿನ್ನ ಡಬ್ಬಿಗೆ ತ್ರಾಣ ಇಲ್ಲ. ಪೂರ್ತಿ ತಿರುಗಿಸಿದಾಗ ಅದು ದಾರಿ ಬಿಟ್ಟು ನಿಲ್ತದೆ, ಹಿಂದಿನ ಕಂಪ್ಯೂಟರೇ ನೇರ ತಳ್ತದೆ. ಅದಕ್ಕೇ ಬಂದದ್ದು ನಿನ್ನ ಬಾಲ."

"ಗೊತ್ತುಂಟು ಮಾರಾಯ. ಚೀಟಿಯಲ್ಲಿ ಬರೆದದ್ದು ನಾನೇ."

"ಎರಡು ಮೀಟರಿಗೆ ನಿನ್ನ ಡಬ್ಬಿಯ ಮುಂದೆ ನನ್ನದು ಎಂತದೂ ಅಲ್ಲ. ಅದನ್ನು ನಾನು ಇವತ್ತಿನ ತನಕ ಹೇಳ್ಲಿಲ್ಲ, ನಾಳೆಯೂ ಹೇಳುದಿಲ್ಲ" ಎಂದ ವಾಲ್ಟರ್. ಆಮೇಲೆ ಬಾಗಿಲ ಕಡೆ ನೋಡಿ, "ತಂತಿ ಮೊದಲಿನ ಹಾಗೆ ಮೇಲಿಂದ ಎಳೆದ್ರೆ ಐದು ನಿಮಿಷದ ಕೆಲಸ" ಎಂದವನು, ಎಲೆಗೆ ಮುಖ ತಗ್ಗಿಸಿದ. "ಬೇಡ ಬೇಡ. ನಾನು ಹೇಳ್ಲಿಲ್ಲ ಅಂತ ಇಟ್ಕೋ. ಗುಣವತಿಯಕ್ಕ, ಇನ್ನೊಂದು ಸೌಟು."

ಇಪ್ಪತ್ತು ವರ್ಷ ಬೈದ ಆ್ಯಕ್ಟಿವ್ ಡಬ್ಬಿಯನ್ನು ಶೆಟ್ಟರು ತಮ್ಮ ಕೈಯಾರೆ ಕಟ್ಟಿದರು. ವಾಲ್ಟರ್ ಬಳಿ ಕೂತು, ಶಾಲೆಯ ಹುಡುಗನಂತೆ ಕೇಳಿ ಕೇಳಿ ಕಲಿತು, ಐದು ದಿನದಲ್ಲಿ. ಹಲಸಿನ ಪೆಟ್ಟಿಗೆ ಅದೇ, ಹಿತ್ತಾಳೆಯ ಗುಂಡಿ ಅದೇ, ಒಳಗಿನದು ಬೇರೆ. ಹೊಸದಾಗಿ ಒಂದು ಸಣ್ಣ ಕೆಂಪು ದೀಪ. ಹಚ್ಚಿ, ಸ್ಪೀಕರಿಗೆ ಕಿವಿ ತಾಗಿಸಿ ಕೇಳಿದರು. ತೀರಾ ಹತ್ತಿರದಲ್ಲಿ, ಎಲ್ಲೋ ಮಳೆ ಬಂದ ಹಾಗೆ, ಸುಂಯ್ ಎನ್ನುತ್ತಿತ್ತು.

"ಗುಣವತೀ, ಸುಂಯ್ ಕೇಳ್ತದೆ!" ಎಂದರು, ಲಾಟರಿ ಹೊಡೆದವರ ದನಿಯಲ್ಲಿ.

"ನನಗೆ ಕೇಳುದಿಲ್ಲ. ನಿಮ್ಮದು ನಾಯಿಯ ಕಿವಿ" ಎಂದರು ಅವರು. ಕೆಂಪು ದೀಪವನ್ನು ನೋಡಿ, "ದೈವದ ಎದುರು ಇನ್ನೊಂದು ದೀಪ ಆಯ್ತು. ಇರಲಿ" ಎಂದರು.

ಹೊಸ ಡಬ್ಬಿಯಲ್ಲಿ ಹಳೆಯ ಕೆಲಸಗಳನ್ನು ಕೇಳಿದ ಶೆಟ್ಟರಿಗೆ ನಾಚಿಕೆಯಾಯಿತು. ಲೋಕ ಹೇಳಿದ್ದು ನಿಜ, ಮುಳ್ಳೇ. ಅದೇ ದಿನ, ತಂತಿ ಬದಲಾದ ಮೇಲೆ ಕೆಲಸ ಒಯ್ದ ಏಳು ಮಂದಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡಿದರು. ಯಂತ್ರ ಕೆಟ್ಟಿತ್ತೆಂದು ಹೇಳಿ ಜಾರಿಕೊಳ್ಳಬಹುದಿತ್ತು. "ತಂತಿ ಹಾಕಿದ್ದು ನಾನು, ಅಳೆಯದ್ದೂ ನಾನು. ಇನ್ನೊಮ್ಮೆ ಮಾಡಿಕೊಡ್ತೇನೆ" ಎಂದರು. ಬಿಟ್ಟುಹೋದ ಆ ಮೂರನೆಯವರಿಗೂ ಹೇಳಿದರು. ಪೌಲ್ ಮಾತ್ರ, "ಮದುವೆ ಮುಗಿದು ಮೊಮ್ಮಗುವೂ ಆಯ್ತು ಶೆಟ್ರೇ, ಆದರೂ ಕಳಿಸಿ" ಎಂದು ನಕ್ಕ.

ಸಂಕ್ರಮಣ ಕಳೆದು ಏಳನೆಯ ದಿನ ಭಾರ್ಗವಿ ತಾಯಿಯನ್ನು ಕೈಹಿಡಿದು ಕರೆತಂದಳು. ನೀರಜಾಕ್ಷಿ ಅಮ್ಮ ಬರಲು ಒಪ್ಪಿರಲಿಲ್ಲವಂತೆ; ಸಂಕ್ರಮಣದ ಪ್ರಸಾದ ಇಟ್ಟಿದ್ದೇನೆಂದು ಗುಣವತಿ ಅಮ್ಮ ಫೋನು ಮಾಡಿದ್ದಕ್ಕೆ ಬಂದದ್ದು. ಪ್ರಸಾದ ತೆಗೆದುಕೊಂಡು, ದೈವದ ಬಾಗಿಲಿಗೆ ಕೈಮುಗಿದು, ಸ್ಪೀಕರಿನ ಕಡೆ ನೋಡದೆ ಬೆಂಚಿನ ತುದಿಯಲ್ಲಿ ಕೂತರು.

ಶೆಟ್ಟರು ಏನನ್ನೂ ವಿವರಿಸಲಿಲ್ಲ. ಹೊಸದಾಗಿ ತಿದ್ದಿದ ಮೊದಲ ಹಾಡು ಹಚ್ಚಿ, ಗುಂಡಿಯನ್ನು ಕಾಲು ಭಾಗಕ್ಕಿಟ್ಟು, ತಾವು ದೂರ ಹೋಗಿ ಕಂಬಕ್ಕೆ ಒರಗಿ ನಿಂತರು. ತಾಳ ಕಿಣ್ ಎಂದು ಬಾಲ ಬಿಟ್ಟಿತು. ಆಮೇಲೆ ಸ್ವರ ಬಂತು, ಮುಪ್ಪಾದ ಸ್ವರ, ಅಂಚು ಸವೆದ, ಎಲ್ಲೂ ಚುಚ್ಚದ ಸ್ವರ. ನೀರಜಾಕ್ಷಿ ಅಮ್ಮನ ಬೆರಳು ಮಡಿಲಲ್ಲಿ ತಾನಾಗಿ ತಾಳ ಹಾಕತೊಡಗಿದ್ದನ್ನು ಶೆಟ್ಟರು ನೋಡಿದರು. ಎರಡನೆಯ ಹಾಡೂ ಮುಗಿಯಿತು. ಮೂರನೆಯದರ ನಡುವೆ ಅವರು ಕೈ ಎತ್ತಿದರು.

ಶೆಟ್ಟರು ಓಡಿ ಬಂದು ನಿಲ್ಲಿಸಿದರು.

"ಇದು ಆಗ್ಲಿಕ್ಕಿಲ್ಲ ಶೆಟ್ರೇ" ಎಂದರು ನೀರಜಾಕ್ಷಿ ಅಮ್ಮ. "ಇಲ್ಲಿ ನಾನು ಅವಸರ ಮಾಡಿದ್ದೇನೆ. ಅಜ್ಜಿ ಇದನ್ನು ಇಷ್ಟು ಓಡಿಸ್ತಿರ್ಲಿಲ್ಲ. ಆ ಕೋಣೆ ಈಗ ಖಾಲಿ ಉಂಟಾ? ಇನ್ನೊಮ್ಮೆ ಹಾಡ್ತೇನೆ."

ಭಾರ್ಗವಿ ತಾಯಿಯನ್ನು ಕೈಹಿಡಿದು ಎಬ್ಬಿಸಿದಳು.

"ಉಂಟಮ್ಮ" ಎಂದರು ಶೆಟ್ಟರು. ಮೈಕ್ ಸರಿಮಾಡಲು ಒಳಗೆ ಹೋಗುವಾಗ ಕಿಸೆಯಲ್ಲಿ ಕಿವಿ ಪರೀಕ್ಷೆಯ ನಾಲ್ಕು ಮಡಿಕೆಯ ಕಾಗದ ಕೈಗೆ ತಾಗಿತು. ಅದನ್ನು ತೆಗೆದು, ಅಲುಗಾಡುತ್ತಿದ್ದ ಮೈಕ್ ಸ್ಟ್ಯಾಂಡಿನ ಒಂದು ಕಾಲಿನಡಿಗೆ ಇಟ್ಟರು. ಸ್ಟ್ಯಾಂಡು ಗಟ್ಟಿಯಾಗಿ ನಿಂತಿತು.